ಅಮ್ಮನ ಕೂಜದಲ್ಲಿ ಹುಂಜದ ಬಾಲ

ಯುದ್ಧ ಶುರುವಾದ ಮೇಲೆ ಸೀಮೆಎಣ್ಣೆಗೆ ರೇಷನ್ ಬಂತು, ಸಕ್ಕರೆಗೆ ಬಂತು. ಹೊಟ್ಟೆಕಿಚ್ಚೊಂದಕ್ಕೆ ಮಾತ್ರ ಸರ್ಕಾರ ಇನ್ನೂ ಕೈಹಾಕಿಲ್ಲ. ಹಾಕಿದರೆ ಮಧುಗಿರಿಯಲ್ಲಿ ಮೊದಲು ಪರದಾಡುವವನು ನಾನೇ. ನನಗದು ಮೂರು ಹೊತ್ತೂ ಬೇಕು. ಕಚೇರಿಯಲ್ಲಿ ಪಕ್ಕದ ಗುಮಾಸ್ತರ ಅಕ್ಷರ ದುಂಡಗಿದ್ದರೆ ನನಗೆ ಊಟ ಸೇರುವುದಿಲ್ಲ. ಬೀದಿಯಲ್ಲಿ ಯಾರದಾದರೂ ಸೈಕಲ್ಲಿನ ಗಂಟೆ ಇಂಪಾಗಿ ಮೊಳಗಿದರೆ ಇಡೀ ದಿನ ಕಿವಿ ಉರಿಯುತ್ತದೆ. ನನ್ನ ಬಳಿ ಸೈಕಲ್ಲೇ ಇಲ್ಲ ಎನ್ನುವುದು ಬೇರೆ ಮಾತು.

ಇಷ್ಟಾದರೂ ದೇವರು ನನ್ನ ಗಂಟಲಿಗೆ ಒಂದು ವಿದ್ಯೆ ಕೊಟ್ಟಿದ್ದಾನೆ. ಒಮ್ಮೆ ಕೇಳಿದ ದನಿ ಅಲ್ಲಿಂದ ಕದಲುವುದಿಲ್ಲ. ಅಮಲ್ದಾರರು ಸಿಟ್ಟು ಬಂದಾಗ ಕೆಮ್ಮುವ ಕೆಮ್ಮು, ಶಿರಾದ ಜವಳಿ ಸಾಹೇಬರು ಪಂಚೆ ಬಿಡಿಸುತ್ತ "ಅರೇ ಭಾಯ್, ನಿಮಗೆ ಅಂತಾನೇ ಕಮ್ಮಿ ಹೇಳಿದ್ದು!" ಎನ್ನುವ ಧಾಟಿ, ಪಾವಗಡದ ರೈತ ಕಚೇರಿಯ ಮೆಟ್ಟಿಲಲ್ಲಿ ನಿಂತು "ಭೂಮಿ ನಾದೇ ಸಾಮೀ, ಪಹಣಿ ಮಾತ್ರಂ ವಾಡಿ ಹೆಸರಲ್ಲೈತೆ!" ಎಂದು ಅರ್ಧ ತೆಲುಗಿನಲ್ಲಿ ಅಲವತ್ತುಕೊಳ್ಳುವ ರೀತಿ, ಎಲ್ಲ ನನ್ನಲ್ಲಿ ತಯಾರು. ಸಂಜೆಯಾದರೆ ನಮ್ಮ ಜಗಲಿ ತುಂಬುತ್ತದೆ. ಕೊರಟಗೆರೆಯಿಂದ ಸಂತೆಗೆ ಬಂದವರೂ ಒಂದು ಆಟ ನೋಡಿಯೇ ಗಾಡಿ ಕಟ್ಟುತ್ತಾರೆ. ಊರನ್ನೆಲ್ಲ ನಗಿಸುವ ಈ ಮಹಾಶಯನಿಗೆ ನಗಿಸಲಾಗದವಳು ಒಬ್ಬಳೇ. ಅವಳು ನನ್ನ ಹೆಂಡತಿ ವಿಶಾಲು.

ಮದುವೆಯಾಗಿ ವರ್ಷ ತುಂಬಿರಲಿಲ್ಲ. ನಾನು ಅಮಲ್ದಾರರ ಹಾಗೆ ಕೆಮ್ಮಿದರೆ ಅವಳು ಶುಂಠಿ ಕಷಾಯ ತಂದಿಡುತ್ತಿದ್ದಳು. ಪಾವಗಡದ ರೈತನಾದರೆ "ಪಾಪ, ಅವನ ಜಮೀನು ಸಿಕ್ಕಿತಾ?" ಎಂದು ಕೇಳುತ್ತಿದ್ದಳು. ಬಾಯಿ ತಪ್ಪಿಯೂ ನಕ್ಕವಳಲ್ಲ. ಅವಳಿಗೆ ನಗುವೇ ಬರುವುದಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಆ ಸಮಾಧಾನದ ಮೇಲೆ ಕಲ್ಲು ಹಾಕಲೆಂದೇ ಕಳೆದ ಬೇಸಿಗೆಯಲ್ಲಿ ನಂಜುಂಡ ಬಂದ.

ನಂಜುಂಡ ಅವಳ ಸೋದರಮಾವನ ಮಗ. ಅವರ ಮನೆಯವರು ಸ್ವಲ್ಪ ಅವಸರ ಮಾಡಿದ್ದರೆ ನನ್ನ ಜಾಗದಲ್ಲಿ ಅವನೇ ಇರುತ್ತಿದ್ದ. ನಮ್ಮ ಸಂಬಂಧದ ಲೆಕ್ಕಾಚಾರ ನೋಡಿ: ಅವಳಿಗೆ ಭಾವನಾದವನು ನನಗೆ ಅಣ್ಣ! ಹೆಂಡತಿಯನ್ನು ಮದುವೆಯಾಗಬಹುದಾಗಿದ್ದವನಿಗೆ ನಾನು ಬಾಗಿಲಲ್ಲಿ ನಿಂತು "ಬಾ ಅಣ್ಣ" ಎನ್ನಬೇಕು. ಅಂದೆ. ಬೆಂಗಳೂರಿನ ದಂಡಿನಲ್ಲಿ ಮಿಲಿಟರಿ ಆಫೀಸರುಗಳ ಮೆಸ್ಸಿನ ಉಗ್ರಾಣದ ಲೆಕ್ಕ ಬರೆಯುವ ಕೆಲಸ ಅವನಿಗೆ. ಕ್ರಾಪು, ಖಾಕಿ ನಿಕ್ಕರು, ಕೈಯಲ್ಲೊಂದು ಕೆಂಪು ಬಾಟಲಿ.

"ದೊಡ್ಡಮ್ಮ, ಇದು ರೆಡ್ ವೈನು. ದ್ರಾಕ್ಷಾರಸ. ಡಾಕ್ಟರುಗಳೇ ಬಾಣಂತಿಯರಿಗೆ ಬರೆದುಕೊಡ್ತಾರೆ" ಎಂದ ನಮ್ಮ ಅಮ್ಮನಿಗೆ.

ಕಾಫಿಗೆ ಬಿದ್ದ ನೊಣವನ್ನು ಕಂಡು ಲೋಟವನ್ನೇ ಹುಣಸೆಹಣ್ಣಿನಲ್ಲಿ ಉಜ್ಜಿ ಉಜ್ಜಿ ತೊಳೆಸುವ ನಮ್ಮಮ್ಮ, "ಮಂಡಿನೋವಿಗೆ ಆಗತ್ತೇನೋ?" ಎಂದು ಕೇಳಿದಳು.

"ಮಂಡಿಗೇ ಮೊದಲು ಇಳಿಯೋದು ದೊಡ್ಡಮ್ಮ! ಆದರೆ ಬರೀ ಕುಡಿಯಬಾರದು. ಬೆರೆಸಬೇಕು. ಅದಕ್ಕೆ ಕಾಕ್‌ಟೇಲ್ ಅಂತಾರೆ."

ಬೆರೆಸಿದ. ಅಯ್ಯೋ, ಅವನು ಬೆರೆಸಿದ ಚೆಂದವೇ! ಅಮ್ಮ ಪ್ರಯಾಣಕ್ಕೆ ಮಡಿನೀರು ಒಯ್ಯುವ ತಿರುಪಿನ ಮುಚ್ಚಳದ ಹಿತ್ತಾಳೆ ಕೂಜ ಇಸಕೊಂಡ. ಅದಕ್ಕೆ ವೈನು, ನಮ್ಮೂರಿನ ದಾಳಿಂಬೆಯ ರಸ, ನಿಂಬೆ, ಸಕ್ಕರೆ ಸಿಕ್ಕದ್ದಕ್ಕೆ ಬೆಲ್ಲ, ಒಂದು ಚೂರು ಚಕ್ಕೆ. ಮುಚ್ಚಳ ತಿರುಗಿಸಿ ಕೂಜವನ್ನು ಭುಜದ ಮೇಲೆತ್ತಿ ಡಮರುಗದ ಹಾಗೆ ಆಡಿಸಿದ. ಲೋಟಗಳಿಗೆ ಬಗ್ಗಿಸಿ, ಅಂಚಿಗೊಂದು ನಿಂಬೆ ಬಿಲ್ಲೆ ಸಿಕ್ಕಿಸಿ, ಎಡಗೈ ಬೆನ್ನ ಹಿಂದಿಟ್ಟು, ಸೊಂಟ ಬಗ್ಗಿಸಿ "ಚಿಯರ್ಸ್!" ಎಂದ. ನಾನು ಕಂಬಕ್ಕೊರಗಿ, ಇದರಲ್ಲೆಲ್ಲ ಆಸಕ್ತಿಯೇ ಇಲ್ಲದ ಮುನಿಯಂತೆ ಸೂರು ನೋಡುತ್ತಿದ್ದೆ.

ಆಗ ಕೇಳಿಸಿತು. ವಿಶಾಲು ನಗುತ್ತಿದ್ದಳು. ಸೆರಗು ಬಾಯಿಗೆ ತುರುಕಿಕೊಂಡು, ಭುಜ ಕುಲುಕಿಸುತ್ತ, ಕಣ್ಣಲ್ಲಿ ನೀರು ಬರುವ ಹಾಗೆ! ಮರುದಿನವೂ ಕೂಜ ಆಡಿತು, ಮರುದಿನವೂ ನಕ್ಕಳು. ಅಮ್ಮ ಇನ್ನರ್ಧ ಲೋಟ ಕೇಳಿ ಹಾಕಿಸಿಕೊಂಡಳು. ಜಗಲಿಯ ಜನವೂ ಒಳಗೆ ಬಂದು ಕೂತರು. ಶಿರಾದ ಸಾಹೇಬರು ನನ್ನ ಗಂಟಲಲ್ಲೇ ಪಂಚೆ ಮಡಿಸಿಟ್ಟರು. ನಾನೂ ಒಂದು ಲೋಟ ಕುಡಿದೆ. ರುಚಿಯಾಗಿತ್ತು. ಅದಕ್ಕೇ ಇನ್ನಷ್ಟು ಉರಿಯಿತು.

ಮೂರನೆಯ ದಿನ ಬೆಳಗ್ಗೆ ನಂಜುಂಡ ಬಾಟಲಿಯಲ್ಲಿ ಮಿಕ್ಕದ್ದನ್ನು ಅಮ್ಮನ ಮಂಡಿಗೆ ಬಿಟ್ಟು ಇದ್ದಿಲ ಗ್ಯಾಸಿನ ಬಸ್ಸು ಹತ್ತಿದ. ಬಸ್ಸಿನ ಹೊಗೆ ಕರಗುವಷ್ಟರಲ್ಲಿ ನಾನು ನಿರ್ಧರಿಸಿಯಾಗಿತ್ತು. ಯಾರ ದನಿಯನ್ನಾದರೂ ಹಿಡಿಯಬಲ್ಲವನಿಗೆ ಒಂದು ಕೂಜ ಅಲ್ಲಾಡಿಸುವುದು ಯಾವ ದೊಡ್ಡ ಕೆಲಸ? ಅವನು ನಗಿಸಿದ್ದಕ್ಕಿಂತ ಒಂದು ತೂಕ ಹೆಚ್ಚು ನಗಿಸಬೇಕು. ಅದಕ್ಕಾಗಿ ಅವನ ಪಾಕಕ್ಕೆ ನನ್ನದೊಂದು ಸುಧಾರಣೆ ಸೇರಿಸಿದೆ: ಗೋಲಿ ಸೋಡಾ.

ಸಂಜೆ ಅಮ್ಮನನ್ನೂ ವಿಶಾಲುವನ್ನೂ ಎದುರಿಗೆ ಕೂರಿಸಿ, ವೈನು, ರಸ, ಸೋಡಾ ಸುರಿದು, ಮುಚ್ಚಳ ಬಿಗಿದು ಆಡಿಸಿದೆ. ಸೋಡಾ ಅಲ್ಲಾಡಿಸಿದರೆ ಏನಾಗುತ್ತದೆಂದು ಬಡವನಹಳ್ಳಿ ಸಂತೆಯ ಮಕ್ಕಳಿಗೂ ಗೊತ್ತು. ನಾನು ಮುಚ್ಚಳ ಸಡಿಲಿಸಿದ್ದೇ ತಡ, ಅದು ಢಮ್ಮೆಂದು ಹಾರಿ ಸೂರಿಗೆ ಬಡಿಯಿತು. ಹಬ್ಬಕ್ಕೆ ಸುಣ್ಣ ಹೊಡೆಸಿದ ಗೋಡೆ, ನನ್ನ ಪಂಚೆ, ಅಮ್ಮನ ಮಡಿಸೀರೆ ಎಲ್ಲ ಕೆಂಪು. ನಾನು ಆಸೆಯಿಂದ ವಿಶಾಲುವಿನ ಕಡೆ ನೋಡಿದೆ. ಅವಳು ಓಡಿ ಬಂದು, "ಅಯ್ಯೋ, ಕಣ್ಣಿಗೆ ಬಿತ್ತೇನ್ರೀ?" ಎಂದಳು. ನಗುವಿನ ಬದಲು ಕನಿಕರ! ಅದಕ್ಕಿಂತ ಮುಚ್ಚಳ ಹಣೆಗೇ ಬಡಿದಿದ್ದರೆ ವಾಸಿಯಿತ್ತು.

"ಏನೋ ಇದು, ಏನಂತಾರೋ ಈ ದರಿದ್ರಕ್ಕೆ?" ಅಮ್ಮ ಸೀರೆ ಝಾಡಿಸುತ್ತ ಗದರಿದಳು.

ಆಗ ನನ್ನ ಹೊಟ್ಟೆಕಿಚ್ಚಿಗೆ ಇಂಗ್ಲಿಷ್ ನೆನಪಾಯಿತು. "ಕಾಕ್‌ಟೇಲ್ ಅಮ್ಮ. ನಿಮ್ಮ ನಂಜುಂಡ ಹೇಳಲಿಲ್ಲವಾ? ಕಾಕ್ ಅಂದ್ರೆ ಹುಂಜ. ಟೇಲ್ ಅಂದ್ರೆ ಬಾಲ."

ಅಮ್ಮ ಸೀರೆ ಝಾಡಿಸುವುದನ್ನು ಬಿಟ್ಟಳು. ನಂಜುಂಡನ ಹೆಸರು ಈ ಮನೆಯಲ್ಲಿ ಇನ್ನು ಏಳುವುದಿಲ್ಲ ಎಂದು ನಾನು ಒಳಗೇ ಕುಣಿದೆ. ಅಮ್ಮ ಮಾತ್ರ ಬೇರೆ ಲೆಕ್ಕ ಹಾಕುತ್ತಿದ್ದಳು. "ಹುಂಜದ ಬಾಲಾನ? ನಾನು ಒಂದೂವರೆ ಲೋಟ ಕುಡಿದೆನಲ್ಲೋ! ನೀನೂ ಕುಡಿದೆ! ಇವಳಿಗೂ ಒಂದು ಚಮಚ ಹಾಕಿದೆ!"

"ಬರೀ ಹೆಸರಮ್ಮ, ನಿಜವಾದ ಬಾಲ ಹಾಕಲ್ಲ..." ಎಂದು ತೊದಲಿದೆ. ಯಾರು ಕೇಳಬೇಕು? ಪುರೋಹಿತರನ್ನು ಕರೆಸಿದರೆ ಕಾರಣ ಹೇಳಬೇಕಾಗುತ್ತದೆಂದು ಮನೆಯಲ್ಲೇ ಪಂಚಗವ್ಯ ಎಂದು ತೀರ್ಮಾನವಾಯಿತು. ಹಾಲು, ಮೊಸರು, ತುಪ್ಪ ಒಳಗಿದ್ದವು. ಮಿಕ್ಕ ಎರಡನ್ನು ಹಾಲು ಕರೆಯುವ ತಿಮ್ಮಕ್ಕ ಕೊಟ್ಟಿಗೆಯಿಂದ ತಂದಳು.

"ಇಷ್ಟೊಂದು ಗಂಜ್ಲ ಯಾಕ್ರವ್ವಾ? ಯಾರಾನ ಇಲಾಯ್ತಿಗೋಗಿ ಬಂದ್ಬುಟ್ರಾ?"

"ಇಲ್ಲ ತಿಮ್ಮಕ್ಕ, ವಿಲಾಯಿತಿಯೇ ನಮ್ಮನೆಗೆ ಬಂದಿತ್ತು" ಎಂದೆ.

"ಅಂಗಾದ್ರೆ ಕಣ್ಮುಚ್ಕಂಡ್ ಕುಡಿ ಸಾಮಿ, ಮೂಗ್ ಮುಚ್ಚೋದ್ ಮರೀಬ್ಯಾಡ!"

ಅಮ್ಮ ತನ್ನ ಪಾಲು ಮುಗಿಸಿ ಸ್ನಾನಕ್ಕೆ ಹೋದಳು. ಒಳಗಿನಿಂದ ವಿಶಾಲು ನನ್ನ ಲೋಟ ತಂದಳು. ನೋಡುತ್ತೇನೆ, ಅದರ ಅಂಚಿಗೊಂದು ನಿಂಬೆ ಬಿಲ್ಲೆ! ಎಡಗೈ ಬೆನ್ನ ಹಿಂದೆ, ಸೊಂಟ ಬಗ್ಗಿದೆ, ಹುಬ್ಬು ಬೈತಲೆಯವರೆಗೆ ಏರಿದೆ. "ಬರೀ ಕುಡಿಯಬಾರದು. ಬೆರೆಸಬೇಕು. ಚಿಯರ್ಸ್!" ಎಂದಳು. ಸಾಕ್ಷಾತ್ ನಂಜುಂಡ! ಗಂಟಲು, ಗತ್ತು, ಕೊನೆಯಲ್ಲಿ ಎಳೆಯುವ ಆ ರಾಗ ಎಲ್ಲ ಅವನದೇ. ಅವನನ್ನು ಎರಡು ದಿನ ದುರುಗುಟ್ಟಿ ನೋಡಿಯೂ ನನಗೆ ಸಿಕ್ಕದಿದ್ದದ್ದು ಅವಳಿಗೆ ಸಿಕ್ಕಿತ್ತು.

"ಅವನ ಆಟ ಅಷ್ಟು ಹಿಡಿಸಿತಾ?" ಎಂದೆ ಲೋಟ ಹಿಡಿದು.

"ಅವನ ಆಟ ಯಾರು ನೋಡಿದ್ರು?" ಎಂದಳು. "ನಾನು ನಕ್ಕಿದ್ದು ಕಂಬಕ್ಕೊರಗಿದ್ದವರನ್ನ ನೋಡಿ." ಮತ್ತೆ ಕೆಳತುಟಿ ಮುಂದೆ ಚಾಚಿ, ಮೂಗಿನ ಹೊಳ್ಳೆ ಅರಳಿಸಿ, ಒಂದು ಕಣ್ಣು ಸೂರಿಗೆ, ಒಂದು ಕಣ್ಣು ಕೂಜಕ್ಕೆ ನೆಟ್ಟು ನಿಂತಳು. ಹುಳಿ ಮಾವು ಕಚ್ಚಿದ ಕರುವಿನಂಥ ಆ ಮುಖ ಯಾರದೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ತಿಮ್ಮಕ್ಕನಿಗೆ ಬೇಕಾಗಲಿಲ್ಲ. "ಅಯ್ಯೋ ನಮ್ ಸಾಮೇರು!" ಎಂದು ಹಾಲಿನ ಚೊಂಬು ಕೆಳಗಿಟ್ಟು ನಕ್ಕಳು. ವಿಶಾಲು ನಕ್ಕಳು. ಪಂಚಗವ್ಯದ ಲೋಟ ಕೈಯಲ್ಲಿ ಹಿಡಿದು ನಾನೂ ನಕ್ಕೆ.

ಈಗ ಸಂಜೆ ಜಗಲಿಯಲ್ಲಿ ನನ್ನ ಆಟವಾದರೆ ಹಿತ್ತಲಲ್ಲಿ ಅವಳದು. ಕೇರಿಯ ಹೆಂಗಸರೆಲ್ಲ ಅಲ್ಲೇ. ನನ್ನ ಸಭೆಗಿಂತ ಅಲ್ಲೇ ಗದ್ದಲ ಜಾಸ್ತಿ. ಹೊಟ್ಟೆ ಉರಿಯುತ್ತದೆ. ಎಷ್ಟಾದರೂ ಅವಳನ್ನು ಮೊದಲು ನಗಿಸಿದ್ದು ನನ್ನ ಮುಖ. ಅದನ್ನು ನಾನೇ ಮಾಡೋಣವೆಂದು ಕನ್ನಡಿಯ ಮುಂದೆ ತುಟಿ ಚಾಚಿ, ಮೂಗು ಅರಳಿಸಿ ಎಷ್ಟು ತಾಲೀಮು ಮಾಡಿದರೂ ಬರುತ್ತಿಲ್ಲ. ಅಮಲ್ದಾರರು ಬರುತ್ತಾರೆ, ಶಿರಾದ ಸಾಹೇಬರು ಬರುತ್ತಾರೆ, ನಾನು ಮಾತ್ರ ಬರುವುದಿಲ್ಲ. ಅದಕ್ಕೆ ಎದುರಿಗೆ ನಂಜುಂಡನೇ ಇರಬೇಕೆಂದು ತೋರುತ್ತದೆ. ಹಾಗಾಗಿ ದಸರಾ ರಜಕ್ಕೆ ಬಾ ಅಣ್ಣ ಎಂದು ಹೇಳಿ ಕಳಿಸಿದ್ದೇನೆ. ಸುದ್ದಿ ಕೇಳಿ ಅಮ್ಮ ಸಿಡುಕುತ್ತಾಳೆಂದು ಹೆದರಿದ್ದೆ. ಅವಳು ಮಂಡಿ ಒತ್ತಿಕೊಳ್ಳುತ್ತ ಹೇಳಿದಳು:

"ಬರಲಿ ಬಿಡೋ. ದ್ರಾಕ್ಷಾರಸ ಬೇಕಾದ್ರೆ ತರಲಿ. ಬಾಲ ಮಾತ್ರ ಅಲ್ಲೇ ಬಿಟ್ಟು ಬರೋಕೆ ಹೇಳು."