ಯಾರ ಪರ ಎದ್ದು ನಿಂತೆ?

ಸರ್ಕಾರ ಬದಲಾದಾಗ ಪಟಾಕಿ ಹೊಡೆಯುವವರು ಬೇರೆ, ಕುರ್ಚಿ ಖಾಲಿ ಮಾಡುವವರು ಬೇರೆ. ನಾನು ಎರಡನೆಯ ಗುಂಪಿನವನು. ಆಂಧ್ರದ ಗಡಿಯ ಆದೋನಿ ಕೋರ್ಟಿನಲ್ಲಿ ಕೆಲವು ವರ್ಷ ಪಿ.ಪಿ. ಆಗಿದ್ದೆ, ಅಂದರೆ ಸರ್ಕಾರದ ಪರ ವಾದಿಸಿ ಆರೋಪಿಗಳನ್ನು ಒಳಗೆ ಹಾಕಿಸುವ ವಕೀಲ. ಹೊಸ ಸರ್ಕಾರ ಬಂತು, ಹೊಸ ಪಿ.ಪಿ. ಬಂದರು, ನಾನು ಮತ್ತೆ ಖಾಸಗಿ ವಕೀಲನಾದೆ. ಅದರಲ್ಲಿ ಗೋಳಾಡುವಂಥದ್ದೇನಿದೆ ಎಂದು ನೀವು ಕೇಳಬಹುದು. ಕರಿ ಕೋಟು ಅದೇ, ಕೋರ್ಟು ಅದೇ, ಕ್ಯಾಂಟೀನಿನ ನೀರು ಚಹಾನೂ ಅದೇ. ಬದಲಾದದ್ದು ಟೇಬಲ್ಲಿನ ಯಾವ ಬದಿಗೆ ನಿಲ್ಲಬೇಕು ಎಂಬುದಷ್ಟೇ. ಆದರೆ ಸ್ವಾಮಿ, ಕಾಲು ದಾಟಿದಷ್ಟು ಸುಲಭವಾಗಿ ನಾಲಿಗೆ ದಾಟುವುದಿಲ್ಲ.

ಹತ್ತಿ ಮಾರ್ಕೆಟ್ಟಿನ ಹತ್ತಿರ ಆಫೀಸು ತೆರೆದು 'ಮಾಜಿ ಪಿ.ಪಿ.' ಎಂದು ಬೋರ್ಡು ಬರೆಸಿದೆ. ಪೇಂಟರ್ ಮಹಾಶಯ 'ಮಾಜಿ'ಯನ್ನು ಸಣ್ಣದಾಗಿಯೂ 'ಪಿ.ಪಿ.'ಯನ್ನು ಢಾಳಾಗಿಯೂ ಬರೆದ. ಕೇಸಿದ್ದವರು ಅದನ್ನು ಓದಿ ರಸ್ತೆಯ ಆಚೆ ಬದಿಗೆ ಹೋಗಿಬಿಡುತ್ತಿದ್ದರು. ತಿಂಗಳುಗಟ್ಟಲೆ ಫ್ಯಾನು ನೋಡುತ್ತಾ ಕೂತೆ. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಕೋಟು ಹಾಕಿಕೊಳ್ಳಲು ಮನಸ್ಸಿಲ್ಲ. "ಅಲ್ಲಿ ಸುಮ್ನ ಕುಂತು ಏನ್ ಮಾಡ್ತೀರಿ? ಮನ್ಯಾಗ ಇದ್ರ ಬೆಳ್ಳುಳ್ಳಿನಾದ್ರೂ ಸುಲೀತಿದ್ರಿ" ಎಂದಳು ಹೆಂಡತಿ. ಆಕೆ ತಮಾಷೆಗೆ ಹೇಳಿದ್ದು. ನಾನು ಮಾತ್ರ ಆ ವಿಷಯವನ್ನು ಗಂಭೀರವಾಗಿ ಯೋಚಿಸತೊಡಗಿದ್ದೆ.

ಅಂಥ ಹೊತ್ತಿನಲ್ಲಿ ಪೆದ್ದಹರಿವಾಣದ ಈರಮ್ಮ ಬಂದಳು. ಆಕೆಯ ತಮ್ಮ ಮಾರೆಪ್ಪನ ಕುರಿಗಳು ಪಕ್ಕದ ಹೊಲದ ಹತ್ತಿಗೆ ನುಗ್ಗಿದ್ದವು. ಹೊಲದ ಯಜಮಾನ ನರಸಪ್ಪನಿಗೂ ಮಾರೆಪ್ಪನಿಗೂ ಜಗಳವಾಗಿ, ನರಸಪ್ಪನ ತಲೆ ಒಡೆದಿತ್ತು, ಮಾರೆಪ್ಪ ಸಬ್‌ಜೈಲು ಸೇರಿದ್ದ. "ಸಾರೂ, ಅವನು ಒಳಗ ಅದಾನ, ಕುರಿ ಹೊರಗ ಅದಾವ. ಅವಕ್ಕ ನನ್ನ ಮಾತು ತಿಳಿಯಂಗಿಲ್ಲ. ಹೆಂಗಾರ ಮಾಡಿ ಬಿಡಿಸ್ರಿ" ಎಂದು ಕಣ್ಣೀರು ಹಾಕಿದಳು. ಬೋರ್ಡು ಓದಲು ಬಾರದ ಪುಣ್ಯಾತ್ಗಿತ್ತಿ! ಜಾಮೀನು ಸಿಕ್ಕರೆ ಅವಳ ತಮ್ಮ ಉಳಿದ, ನಾನೂ ಉಳಿದೆ ಎಂದುಕೊಂಡು ಕನ್ನಡಿಯ ಮುಂದೆ ನಿಂತು ವಾದ ಬಾಯಿಪಾಠ ಮಾಡಿದೆ.

ಕೇಸು ಕೂಗಿದರು. ಜಡ್ಜ್ ಮೇಡಂ ಫೈಲು ನೋಡುತ್ತಲೇ ತೆಲುಗಿನಲ್ಲಿ, "ಅಭ್ಯಂತರಂ ಉಂದಾ?" ಎಂದರು. ಜಾಮೀನಿಗೆ ಅಡ್ಡಿ ಇದೆಯೇ ಎಂದು ಅವರು ಕೇಳಿದ್ದು ಹೊಸ ಪಿ.ಪಿ.ಯನ್ನು. ಅವರು ಬಗ್ಗಿ ಏನೋ ಕಾಗದ ಹುಡುಕುತ್ತಿದ್ದರು. ವರ್ಷಗಟ್ಟಲೆ ಆ ಪ್ರಶ್ನೆಗೆ ಉತ್ತರ ಕೊಟ್ಟ ನನ್ನ ಬಾಯಿ ಕಾಯಲಿಲ್ಲ. "ಉಂದಿ ಮೇಡಂ! ತೀವ್ರ ಅಭ್ಯಂತರಂ ಉಂದಿ!" ಎಂದು ಶುರು ಮಾಡಿದವನು, ಇವನು ಹೊರಗೆ ಬಂದರೆ ಸಾಕ್ಷಿಗಳನ್ನು ಹೆದರಿಸುತ್ತಾನೆ, ಗಾಯಾಳು ಇನ್ನೂ ಚೇತರಿಸಿಕೊಂಡಿಲ್ಲ ಎಂದು ಅದ್ಭುತವಾಗಿ ವಾದಿಸಿದೆ. ಮೇಡಂ ಕನ್ನಡಕ ತೆಗೆದು, "ತಾವು ಯಾರ ಪರ?" ಎಂದರು. "ಸರ್ಕಾರದ ಪರ ಮೇಡಂ" ಎಂದೆ. ಅಯ್ಯೋ ನನ್ನ ಕರ್ಮವೇ!

ಇಡೀ ಕೋರ್ಟು ನಕ್ಕಿತು. ಹೊಸ ಪಿ.ಪಿ., "ಅನ್ನಾ, ನನ್ನ ಕೆಲಸಾನೂ ನೀವೇ ಮಾಡಿದ್ರಿ" ಎಂದು ಕಿವಿಯಲ್ಲಿ ಹೇಳಿ, ತಕರಾರು ಸಲ್ಲಿಸಲು ಸೋಮವಾರದವರೆಗೆ ಸಮಯ ಕೇಳಿದರು. ಸಿಕ್ಕಿತು. ಇಂಗ್ಲಿಷಿನಲ್ಲಿ ಮಾನ ಕಳೆದುಕೊಂಡಿದ್ದರೆ ಅರ್ಧ ಜನಕ್ಕೆ ತಿಳಿಯುತ್ತಿರಲಿಲ್ಲ. ನಮ್ಮ ಕಡೆ ಮನೆಯಲ್ಲಿ ಕನ್ನಡ, ಕೋರ್ಟಿನಲ್ಲಿ ತೆಲುಗು; ಅಭ್ಯಂತರ ಅಂದರೆ ಎರಡರಲ್ಲೂ ಅಭ್ಯಂತರವೇ. ಹಿಂದೆ ನಿಂತಿದ್ದ ಈರಮ್ಮನಿಗೆ ಒಂದಕ್ಷರವೂ ತಪ್ಪದೆ ಅರ್ಥವಾಗಿತ್ತು.

ಮರುದಿನ ಆಕೆ ಇನ್ನೊಬ್ಬ ವಕೀಲರ ಕಾಗದ ಹಿಡಿದು ಬಂದಳು. ವಕೀಲರನ್ನು ಬದಲಾಯಿಸಬೇಕಾದರೆ ಹಳೆಯ ವಕೀಲ ತನಗೆ ಅಭ್ಯಂತರವಿಲ್ಲ ಎಂದು ಬರೆದುಕೊಡಬೇಕು. "ಸಿಟ್ಟೇನೂ ಇಲ್ರಿ ಸಾರೂ. ನಿಮ್ಮ ಬಾಯಿ ಚಲೋ ಐತಿ, ಯಾರ ಕಡಿ ಐತಿ ಅಂತನ ಗೊತ್ತಾಗಂಗಿಲ್ಲ" ಎಂದಳು. ಅಲ್ಲಮ್ಮ ಎನ್ನಲು ಬಾಯಿ ತೆರೆದು, ಅದರ ಮೇಲೆ ನನಗೂ ನಂಬಿಕೆ ಇಲ್ಲದೆ ಮುಚ್ಚಿಕೊಂಡು, ಸಹಿ ಹಾಕಿದೆ. ಸೋಮವಾರ ಮಾರೆಪ್ಪನಿಗೆ ಜಾಮೀನು ಸಿಕ್ಕಿತೆಂದು ಕೇಳಿದಾಗ ಸಮಾಧಾನವಾಯಿತು, ಹೊಟ್ಟೆಯೂ ಉರಿಯಿತು.

ಅವತ್ತೇ ಸಂಜೆ ಆಫೀಸಿನ ಬಾಗಿಲಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡ ಒಬ್ಬ ಮನುಷ್ಯ ನಿಂತಿದ್ದ. ಏಟು ತಿಂದ ನರಸಪ್ಪ. ಕೈಯಲ್ಲಿ ಒಂದು ಚೀಲ ಹಸಿಮೆಣಸಿನಕಾಯಿ. ಅದನ್ನು ಟೇಬಲ್ಲಿನ ಮೇಲಿಟ್ಟು ಕೈಮುಗಿದ.

"ಅವನು ಹೊರಗ ಬಂದಾನ್ರಿ ಸಾರೂ. ಹಿಂಗ್ಯಾಕ ಮಾಡಿದ್ರಿ?" ಎಂದು ನೊಂದುಕೊಂಡು ಕೇಳಿದ. "ನೀವು ಅವನ ವಕೀಲ್ರಾಗೇ ಇದ್ದಿದ್ರ, ಅವನಿಗೆ ಬೇಲು ಸಿಗ್ತಿದ್ದೇ ಇಲ್ಲ!"

ಕೆಲಸ ಹೋದ ಮೇಲೆ ನನ್ನ ವಕೀಲಿಕೆಯನ್ನು ಇಷ್ಟು ಮನಸಾರೆ ನಂಬಿದವನು ಅವನೊಬ್ಬನೇ. ಕೂತುಕೊಳ್ಳಪ್ಪ ಎಂದು ಕುರ್ಚಿ ತೋರಿಸಿದೆ.