ಪರಸೋಂ ನೋಡಿದ ಹುಡುಗಿ

ಟಿಣ್!

ರೊಟ್ಟಿ ಹಿಟ್ಟು ನಾದುತ್ತಿದ್ದ ತಹಸೀನಳ ಕೈ ನಿಂತಿತು. ಕುಕ್ಕರ್ ಕೂಗಿದರೂ ಕೇಳದ ಆಕೆಯ ಕಿವಿ, ಮೊಬೈಲಿನ ಈ ಒಂದು ಟಿಣ್‌ಗೆ ಮಾತ್ರ ನೆಟ್ಟಗಾಗುತ್ತಿತ್ತು.

ಎದುರು ಸಿಕ್ಕರೆ ಕಚ್ಚಾಡಿ, ಕಂಪ್ಯೂಟರಿನಲ್ಲಿ ಮಾತ್ರ ಪ್ರೀತಿಸುವ ಇಬ್ಬರ ಹಳೆಯ ಇಂಗ್ಲಿಷ್ ಸಿನಿಮಾ ನೋಡಿದ ದಿನವೇ ಆಕೆ ಘೋಷಿಸಿಬಿಟ್ಟಿದ್ದಳು: "ಅಮ್ಮಿ, ಇನ್ನ ಮ್ಯಾಲ ನೀ ಗಂಡು ಹುಡುಕಬ್ಯಾಡ. ನಾನಽ ಹುಡುಕ್ತೀನಿ. ನೀ ತಂದವರಿಗಿಂತ ನೂರು ಪಾಲು ಛಲೋ ಇರ್ತಾನ!"

ತಾಯಿ ಹಸೀನಾ ಬೇಗಂ ಉಳ್ಳಾಗಡ್ಡಿ ಹೆಚ್ಚುತ್ತಲೇ ಅಂದಿದ್ದಳು: "ಹುಡುಕು ಬೇಟಾ. ನಾ ತಂದ ಐದು ಮಂದೀನೂ ಉರ್ದು ತಪ್ಪು ಆಡ್ತಾರಂತ ಓಡಿಸಿದಿ."

ಸುಳ್ಳಲ್ಲ. ತಹಸೀನ್ ರಾಯಚೂರಿನ ಉರ್ದು ಶಾಲೆಯ ಶಿಕ್ಷಕಿ. ಊರಿನ ಮನೆಮಾತಿನ ಉರ್ದು ದಖನಿಯಲ್ಲಿ 'ಪರಸೋಂ' ಎಂದರೆ ಮೊನ್ನೆಯೂ ಹೌದು, ಹೋದ ವರ್ಷವೂ ಹೌದು, ನಿಜಾಮರ ಕಾಲವೂ ಹೌದು. ತಹಸೀನಳಿಗೆ ಮಾತ್ರ ಅದು ಸರಿಯಾಗಿ ಎರಡು ದಿನದ ಹಿಂದೆ. ಒಂದು ತಾಸು ಆಚೀಚೆ ಇಲ್ಲ!

ಮೊಬೈಲಿನ ಕವಿತೆಯ ಗುಂಪಿನಲ್ಲಿ ಸಿಕ್ಕ 'ಮುಸಾಫಿರ'ನದು ಅಂಥ ಚೊಕ್ಕ ಉರ್ದು. ನಿಜ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಊರು ಮಾನ್ವಿ. ಎರಡು ತಿಂಗಳಲ್ಲಿ ಒಂದು ಚುಕ್ಕಿ ತಪ್ಪಿರಲಿಲ್ಲ. ಅದಕ್ಕೇ ಮನಸ್ಸು ಕೊಟ್ಟಿದ್ದಳು.

ಈ ಭಾನುವಾರದ ಟಿಣ್ ಹೀಗಿತ್ತು: "ನಿಮ್ಮ ಮುಂದ ಮುಚ್ಚಿಡಬಾರದು. ಪರಸೋಂ ಒಂದು ಹುಡುಗಿ ನೋಡಾಕ ಹೋಗಿದ್ದೆ."

ಪರಸೋಂ! ಅಂದರೆ ಶುಕ್ರವಾರ! ಅದೇ ಶುಕ್ರವಾರ ಈ ಮಹಾಶಯ ತನಗೆ ಚಂದ್ರನ ಮೇಲೆ ನಾಲ್ಕು ಸಾಲು ಕಳಿಸಿದ್ದ! ಹಿಟ್ಟಿನ ಬೆರಳಲ್ಲೇ ಒತ್ತಿದಳು: "ಮಾನ್ವಿ ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿ. ನಾಕು ಗಂಟೆ. ಬರ್ರಿ!"

"ಎಲ್ಲಿಗೆ ಹೊಂಟಿ? ಕೈಯಾಗ ಹಿಟ್ಟು ಅದ!" ಎಂದಳು ಅಮ್ಮಿ.

"ಇರ್ಲಿ. ಒಬ್ಬರ ಮುಖಕ್ಕ ಬಡಿಯೋದದ!"

ಚಹಾದಂಗಡಿಯಲ್ಲಿ ಎದ್ದು ನಿಂತವನನ್ನು ಕಂಡು ಆಕೆಯೇ ಗೋಡೆ ಹಿಡಿದಳು. ಇನಾಯತ್! ಮೂರು ವರ್ಷದ ಹಿಂದೆ ಅಮ್ಮಿ ತಂದ ಐವರಲ್ಲಿ ಎರಡನೆಯವನು!

"ಯಾರರೆ ಆಗ್ರಿ! ಶುಕ್ರವಾರ ಯಾವ ಹುಡುಗಿ ನೋಡಿದ್ರಿ?"

"ಶುಕ್ರವಾರ ಅಂಗಡ್ಯಾಗ ಇದ್ದೆನ್ರೀ."

"ಪರಸೋಂ ಅಂತ ಬರದೀರಿ!"

"ಹೂಂ. ಮೂರು ವರ್ಸ ಆತು. ಚಹಾ ಕೊಟ್ಟು, ಪರೀಕ್ಷಾ ತಗೊಂಡು, ಫೇಲ್ ಮಾಡಿ ಕಳಿಸಿದ್ಲು. ಆ ಹಟಕ್ಕ ನಿಘಂಟು ಹಿಡಕೊಂಡು ಕುಂತು ಚೊಕ್ಕ ಉರ್ದು ಕಲಿತೆ. ಇವತ್ತ ಖರೇ ಹೇಳೋ ಅಂಜಿಕಿಗೆ ಮನೀ ದಖನಿ ಬಂದುಬಿಡ್ತು."

ಹಾಗಾದರೆ ಆ ಹುಡುಗಿ ತಹಸೀನಳೇ! ಇಂಥವನನ್ನು ಬೇಡವೆನ್ನುವ ಮನಸ್ಸಿಲ್ಲ. ಹೌದೆಂದರೆ ಅಮ್ಮಿ ಗೆದ್ದಂತೆ! ಬಗ್ಗುವ ಹೆಣ್ಣೇ ಆಕೆ?

"ಮನಿಯವರನ್ನ ಕರಕೊಂಡು ಬರ್ರಿ. ಆದ್ರ ಗಡ್ಡ ಬಿಟ್ಟು ಬರಬೇಕು. ಕಪ್ಪು ಚಸ್ಮಾ ಹಾಕ್ರಿ."

"ಯಾಕ್ರೀ?"

"ಅಮ್ಮಿಗೆ ಗುರುತು ಸಿಗಬಾರದು!"

ಇನಾಯತ್ ತಲೆ ಕೆರೆದುಕೊಂಡ. "ಅದು... ನನ್ನನ್ನ ಆ ಕವಿತಾ ಗುಂಪಿಗೆ ಸೇರಿಸಿದವರಽ ನಿಮ್ಮ ಅಮ್ಮಿ. 'ನನ್ನ ಮಗಳು ಅಲ್ಲೇ ಇದ್ದಾಳ, ಭಾಷಾ ತಿದ್ದಿಕೊಂಡು ಹೋಗಪಾ' ಅಂದ್ರು."

ತಹಸೀನ್ ಮತ್ತೊಂದು ಮಾತಿಗೆ ನಿಲ್ಲಲಿಲ್ಲ. "ಹಂಗಾರ ಗಡ್ಡ ಬ್ಯಾಡ!" ಎಂದು, ತಲೆ ಎತ್ತಿಕೊಂಡೇ ರಾಯಚೂರಿನ ಬಸ್ಸಿನತ್ತ ನಡೆದುಬಿಟ್ಟಳು.