ಹಗೇವಿನ ಬಿಯರು

ಇದನ್ನು ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ನಾನು ಮುದುಕನಾದೆ. ಮೊದಲು ಮಗಳ ಮದುವೆ ಮುಗಿಯಲಿ ಅಂದೆ, ಮುಗಿಯಿತು. ಆಮೇಲೆ ರಿಟೈರ್ ಆಗಲಿ ಅಂದೆ, ಅದೂ ಆಯಿತು. ಈಗ ನನ್ನ ಬಾಯಲ್ಲಿ ಉಳಿದಿರುವ ಹಲ್ಲುಗಳು ಒಂದಕ್ಕೊಂದು ಪರಿಚಯವೇ ಇಲ್ಲದಷ್ಟು ದೂರ ಕೂತಿವೆ. ಇನ್ನು ಯಾವ ನೆಪ ಹೇಳಲಿ?

ಮೊದಲು ನನ್ನ ಗೆಳೆಯನ ವಿಷಯ. ಪ್ರತಿ ಚಳಿಗಾಲ ಗಡಿಗೆಗಟ್ಟಲೆ ಬಿಯರು ಮಾಡಿ, ಒಂದು ದಿನವೂ ಅಮಲೇರದೆ, ಊರ ತುಂಬ ಕುಡುಕ ಎಂದು ಹೆಸರು ಪಡೆದವನು ಇಡೀ ರಾಯಚೂರು ಜಿಲ್ಲೆಯಲ್ಲಿ ಅವನೊಬ್ಬನೇ! ಕುಡಿದು ಕೆಟ್ಟವರನ್ನು ನೀವು ಬೇಕಾದಷ್ಟು ನೋಡಿದ್ದೀರಿ. ಕುಡಿಯದೆ ಕೆಟ್ಟವನನ್ನು ನೋಡಿದ್ದೀರಾ?

ಎಪ್ಪತ್ತರ ದಶಕದ ನಡುವೆ ನಾವಿಬ್ಬರೂ ರಾಯಚೂರಿನ ಒಂದು ಮಿಶನ್ ಶಾಲೆಯಲ್ಲಿ ಕೆಲಸಕ್ಕಿದ್ದೆವು. ಮಾನ್ವಿಯಲ್ಲಿ ಹೈಸ್ಕೂಲು ಮುಗಿಸಿ ಬಂದ ನಾನು ಆಫೀಸಿನ ಗುಮಾಸ್ತ. ಅವನು ವಿಜ್ಞಾನದ ಕೋಣೆಯ ಅಟೆಂಡರ್. ಆ ಕೋಣೆಯಲ್ಲೊಂದು ಅಸ್ಥಿಪಂಜರ ಇತ್ತು. ಮಕ್ಕಳಿರಲಿ, ಮಾಸ್ತರರೂ ಅದರ ಕಡೆ ಬೆನ್ನು ಮಾಡಿ ನಿಲ್ಲುತ್ತಿರಲಿಲ್ಲ. ನನ್ನ ಗೆಳೆಯ ಮಾತ್ರ ದಿನಾ ಬೆಳಿಗ್ಗೆ ಅದಕ್ಕೆ ನಮಸ್ಕಾರ ಹೇಳಿ ಬೀಗ ತೆಗೆಯುತ್ತಿದ್ದ. ಚಳಿ ಬಂದರೆ ತನ್ನ ಮಫ್ಲರನ್ನು ಅದರ ಕುತ್ತಿಗೆಗೆ ಸುತ್ತುತ್ತಿದ್ದ.

"ಯಾಕಲೇ ಅದಕ್ಕ ಮಫ್ಲರು?" ಅಂತ ನಾನು ಕೇಳಿದೆ.

"ಮೈಮ್ಯಾಗ ಮಾಂಸ ಇಲ್ಲದವ್ರಿಗೆ ಥಂಡಿ ಜಾಸ್ತಿ ಬಡೀತದೋ!" ಅಂದ.

ಇಂಥವನು ಒಮ್ಮೆ ಹೈದರಾಬಾದಿಗೆ ಹೋಗಿ ಬಿಯರಿನ ರುಚಿ ನೋಡಿ ಬಂದ. ಬಂದವನೇ ನನ್ನ ಮೇಜಿನ ಮೇಲೆ ಗುದ್ದಿದ.

"ಲೇ, ಅದು ಏನಂತ ತಿಳಕೊಂಡಿ? ಮೊಳಕಿ ಬಂದ ಕಾಳಿನ ಗಂಜಿ, ಅಷ್ಟ! ಅವ್ರ ಹತ್ರ ಬಾರ್ಲಿ ಅದ, ನಮ್ಮ ಹತ್ರ ಬಿಳಿಜೋಳ ಅದ. ಜೋಳ ಏನು ಪಾಪ ಮಾಡ್ಯದ?"

"ಜೋಳ ಏನೂ ಮಾಡಿಲ್ಲಪಾ. ನಾವು ಮಾಡೋರದೀವಿ," ಅಂದೆ. ತಮಾಷೆಗೆ ಅಂದ ಮಾತು. ಇಂಥ ಮಾತುಗಳನ್ನು ಯಾರೋ ಕೇಳಿಸಿಕೊಳ್ಳುತ್ತಿರುತ್ತಾರೆ ಎಂದು ಆಗ ಗೊತ್ತಿರಲಿಲ್ಲ.

ಶಾಲೆಗೆ ಕ್ರಿಸ್‌ಮಸ್ ರಜಾ ಬಿಟ್ಟ ಕೂಡಲೇ ಅವನ ಊರಿಗೆ ಹೊರಟೆವು. ದೇವದುರ್ಗದಿಂದ ಜಾಲಹಳ್ಳಿ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಹಳ್ಳಿ. ನನ್ನ ತೊಡೆಯ ಮೇಲೆ ಒಂದು ಡಬ್ಬಿ, ಡಬ್ಬಿಯೊಳಗೆ ಬ್ರೆಡ್ ಮಾಡುವವರ ಹತ್ತಿರ ಬೇಡಿ ತಂದ ಖಮೀರು. ಹಿಟ್ಟು ಉಬ್ಬಿಸಲು ಅವರು ಹಾಕುವ ಹುಳಿ ಅದು. ಬಸ್ಸಿನ ಕುಲುಕಾಟಕ್ಕೆ ಅದಕ್ಕೆ ಹುರುಪು ಬಂತು. ಮುಚ್ಚಳ ತಾನಾಗಿಯೇ ಎದ್ದಿತು, ಬಿಳಿ ಬುರುಗು ಹೊರಗೆ ಇಣುಕಿತು. ಕಂಡಕ್ಟರ್ ಎರಡು ಹೆಜ್ಜೆ ಹಿಂದೆ ಸರಿದ.

"ಏನ್ರಿ ಅದು? ಜೀವ ಅದ ಏನ್ರಿ ಅದಕ್ಕ?"

"ಅದ ರೀ," ಅಂದ ನನ್ನ ಗೆಳೆಯ. "ಖರೆ, ಐದು ವರ್ಷ ತುಂಬಿಲ್ಲ. ಟಿಕೇಟು ಬ್ಯಾಡ."

ಆ ಮನೆಯಲ್ಲಿದ್ದವಳು ಅವನ ದೊಡ್ಡವ್ವ ಅಮರಮ್ಮ ಒಬ್ಬಳೇ. ತಾಯಿ ಸತ್ತ ಮೇಲೆ ಇವನನ್ನು ಸಾಕಿದಾಕೆ. ಕಣ್ಣಿಗೆ ಪೊರೆ ಬಂದಿತ್ತು, ಬಾಯಿಗೆ ಬಂದಿರಲಿಲ್ಲ! ಜೋಳವನ್ನು ಒದ್ದೆ ಗೋಣಿಚೀಲದ ಮೇಲೆ ಹರವಿ ಮೊಳಕೆ ಬರಿಸಿದೆವು, ಒಣಗಿಸಿದೆವು, ಹುರಿದೆವು, ತರಿತರಿಯಾಗಿ ಬೀಸಿದೆವು, ಬಿಸಿನೀರಲ್ಲಿ ನೆನೆಸಿ ಸೋಸಿ ಕುದಿಸಿದೆವು. ಕಹಿಗೆಂದು ಯುಗಾದಿಯಿಂದ ಒಣಗಿಸಿಟ್ಟಿದ್ದ ಬೇವಿನ ಹೂ ಹಾಕಿದೆವು. ಅವಳು ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡಳು.

"ಏನು ಮಾಡಾಕತ್ತೀರಲೇ ಹುಚ್ಚಪ್ಪಗಳ್ರ್ಯಾ?"

"ಬಿಯರು, ದೊಡ್ಡವ್ವ."

"ಹೆಂಡ ಅನ್ನು. ಹೆಂಡಕ್ಕ ಪ್ಯಾಂಟು ಹಾಕಿದ್ರ ಬಿಯರು!"

ಬಿಯರು ಹುಳಿಯಾಗದೆ ಹದಕ್ಕೆ ಬರಬೇಕೆಂದರೆ ತಂಪಾದ ಜಾಗ ಬೇಕು. ಗೆಳೆಯ ಹಿತ್ತಲಿನ ಹಗೇವು ತೋರಿಸಿದ. ಹಗೇವು ಅಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದು, ಒಳಗೆ ದೊಡ್ಡ ಹೊಟ್ಟೆ, ಮೇಲೊಂದು ಚಪ್ಪಡಿ. ಚಪ್ಪಡಿ ತೆಗೆದ ಕೂಡಲೇ ಒಳಗೆ ಇಳಿಯಬಾರದು ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ಹಗ್ಗಕ್ಕೆ ಕಂಬಳಿ ಕಟ್ಟಿ ಮೇಲೆ ಕೆಳಗೆ ಆಡಿಸಿ ಕೆಟ್ಟ ಗಾಳಿ ಓಡಿಸಬೇಕು. ಆಮೇಲೆ ಕಂದೀಲು ಇಳಿಬಿಡಬೇಕು. ಕಂದೀಲು ಆರಿದರೆ ಇಳಿಯುವಂತಿಲ್ಲ. ಆ ಹಗೇವಿಗೆ ಎಷ್ಟೋ ವರ್ಷದಿಂದ ಜೋಳ ತುಂಬಿರಲಿಲ್ಲ. ಯಾಕೆಂದರೆ ಅವನ ದೊಡ್ಡಪ್ಪ ಅದರೊಳಗೇ ಉಸಿರು ಕಟ್ಟಿ ಸತ್ತಿದ್ದ.

"ಇದರಾಗ ಬ್ಯಾಡಲೇ," ಅಂದೆ.

"ತಂಪು ಭಾಳ ಚಲೋ ಅದ," ಅಂದ. ಅವನಿಗೆ ಅಷ್ಟೇ ಬೇಕಿತ್ತು.

ಗಡಿಗೆಗಳನ್ನು ಇಳಿಸಿ ಚಪ್ಪಡಿ ಮುಚ್ಚಿದೆವು. ಕೆಲವು ದಿನ ಬಿಟ್ಟು ಮಧ್ಯಾಹ್ನದ ಬಿಸಿಲಲ್ಲಿ ತೆಗೆದು ಕಂದೀಲು ಇಳಿಬಿಟ್ಟೆವು. ಅರ್ಧಕ್ಕೆ ಹೋದದ್ದೇ ದೀಪ ಆರಿತು. ಗಾಳಿಗೆ ಆರಿದ ಹಾಗಲ್ಲ, ಯಾರೋ ಎರಡು ಬೆರಳಲ್ಲಿ ಬತ್ತಿ ಹಿಸುಕಿದ ಹಾಗೆ. ಮತ್ತೆ ಹಚ್ಚಿ ಬಿಟ್ಟೆವು, ಅದೇ ಎತ್ತರಕ್ಕೆ ಮತ್ತೆ ಆರಿತು. ಕೆಳಗಿನಿಂದ ಗುಡ್... ಗುಡ್... ಎಂದು ಸದ್ದು ಬರುತ್ತಿತ್ತು. ಹೆಪ್ಪು ಕೇಳಲು ಬಂದಿದ್ದ ಪಕ್ಕದ ಮನೆಯಾಕೆ ಇದನ್ನು ನೋಡಿ ಬಟ್ಟಲು ಅಲ್ಲೇ ಬಿಟ್ಟು ಓಡಿದಳು. ನನ್ನ ಗೆಳೆಯ ಕುಣಿದಾಡಿದ.

"ಉಸುರಾಡಾಕತ್ತದಲೇ! ಖಮೀರು ಬಿಟ್ಟ ಗಾಳಿ ಭಾರ ಇರ್ತದ, ತಳದಾಗ ಕುಂದರ್ತದ. ಅದಕ್ಕ ದೀಪ ಆರ್ತದ!"

ಊರವರು ಬೇರೆ ಅರ್ಥ ಮಾಡಿಕೊಂಡರು. ಸತ್ತವನು ಎದ್ದು ಕೂತಿದ್ದಾನೆ, ದೀಪ ಊದುತ್ತಿದ್ದಾನೆ ಅಂದರು. ಸಂಜೆಯೊಳಗೆ ಆ ಮಾತು ದೊಡ್ಡವ್ವನ ಕಿವಿಗೂ ಬಿತ್ತು. ಅವಳು ಏನೂ ಅನ್ನದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಈಗ ನನ್ನ ಪಾಪಕ್ಕೆ ಬರುತ್ತೇನೆ. ಮರುದಿನ ಗೆಳೆಯ ಬಾಟಲಿ, ಬೆಂಡಿನ ಬಿರಡೆ ತರಲು ದೇವದುರ್ಗಕ್ಕೆ ಹೋದ. ನನಗೆ ಹೊಲದ ಕಡೆ ಅಡ್ಡಾಡಿ ಬಾ ಅಂದ. ನಾನು ಹೊಲಕ್ಕೆ ಹೋಗಲಿಲ್ಲ. ಕಂಬಳಿ ಆಡಿಸಿ, ಕಂದೀಲು ಇಳಿಬಿಟ್ಟೆ. ದೀಪ ಆರಲಿಲ್ಲ. ಗೋಡೆಯ ಗೂಡುಗಳಲ್ಲಿ ಕಾಲಿಟ್ಟು ಹಗೇವಿನೊಳಗೆ ಇಳಿದೆ. ಯಾಕೆ? ಕದ್ದು ಕುಡಿಯಲು! ಇನ್ನೂ ಹದಕ್ಕೆ ಬಾರದ ಬಿಯರನ್ನು ಗೆಳೆಯನಿಗಿಂತ ಮೊದಲು ರುಚಿ ನೋಡುವ ಚಪಲ. ಸಣ್ಣ ಗಡಿಗೆಯೊಂದನ್ನು ಖಾಲಿಯೇ ಮಾಡಿಬಿಟ್ಟೆ. ರುಚಿ ಹೇಗಿತ್ತು ಅಂತೀರಾ? ಬೇವಿನ ಮರವನ್ನು ಅಂಬಲಿಯಲ್ಲಿ ಅದ್ದಿ ನೆಕ್ಕಿದ ಹಾಗಿತ್ತು. ತಲೆ ಮಾತ್ರ ಹಗುರಾಯಿತು.

ಆಗ ಮೇಲೆ ಹೆಜ್ಜೆಯ ಸಪ್ಪಳ. ಕಂದೀಲಿನ ಬತ್ತಿ ಇಳಿಸಿ ಕತ್ತಲು ಮಾಡಿದೆ. ಹಗೇವಿನ ಬಾಯಿಯ ಬೆಳಕಿನಲ್ಲಿ ಒಂದು ತಲೆ ಬಾಗಿತು, ಸೆರಗು ಹೊದ್ದ ತಲೆ. ದೊಡ್ಡವ್ವ.

"ಕೇಳ್ತದೇನ್ರಿ?" ಅಂದಳು.

ನಾನು ಗೋಡೆಗೆ ಅಂಟಿಕೊಂಡೆ. ಅವಳು ಸತ್ತ ಗಂಡನ ಜೊತೆ ಮಾತಾಡುತ್ತಿದ್ದಳು.

"ಅವತ್ತು ಮನಿಗೆ ಮಂದಿ ಬಂದಿದ್ರು, ಹಿಟ್ಟಿರ್ಲಿಲ್ಲ, ಜೋಳ ತೆಗೀಬೇಕಿತ್ತು. ನೀವು ಕಂದೀಲು ತರ್ತೀನಿ ತಡೀ ಅಂದ್ರಿ. ನಾನು, ಗಂಡಸಾಗಿ ದೀಪಕ್ಕ ಕಾಯ್ತೀರೇನು ಅಂದೆ. ಮಂದಿ ಮುಂದ ಅಂದೆ. ನೀವು ನನ್ನ ಕಡೆ ಒಂದು ಸಲ ನೋಡಿ ಇಳಿದ್ರಿ." ದನಿ ತಗ್ಗಿಸಿದಳು. "ಮತ್ತ ಏನೂ ಬ್ಯಾಡ್ರಿ ನನಗ. ಆ ಸಿಟ್ಟು ಇಳಿದದೇನ್ರಿ? ಅದೊಂದು ಹೇಳ್ರಿ. ಹೇಳೋತನಕ ನಾ ಇಲ್ಲಿಂದ ಏಳಂಗಿಲ್ಲ."

ಅವಳು ಏಳದಿದ್ದರೆ ನಾನು ಮೇಲೆ ಬರುವುದು ಹೇಗೆ? ಗೆಳೆಯ ಬಂದರೆ ಕಳ್ಳತನ ಬಯಲು. ಅವಳನ್ನು ಹೆದರಿಸಿ ಓಡಿಸಬೇಕು ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು. ಸುಳ್ಳೇಕೆ, ಒಂದಿಷ್ಟು ನಗುವೂ ಇತ್ತು. ಶಾಲೆಗೆ ಹೋಗಿ ಹೇಳಿದರೆ ಹೇಗೆ ನಗುತ್ತಾರೆ! ಖಾಲಿ ಗಡಿಗೆಯನ್ನು ಬಾಯಿಗೆ ಹಿಡಿದು, ಹೊಟ್ಟೆಯಿಂದ ಎಳೆದು, "ಊಂ... ಹೂಂ..." ಅಂದೆ.

ಹೊರಟದ್ದು ನನ್ನ ದನಿ. ಗಡಿಗೆಯಿಂದ ಬಂದದ್ದು ನನ್ನದಲ್ಲ. ಅದು ಹಗೇವಿನ ಗೋಡೆ ಸುತ್ತಿ, ನನ್ನ ಹಿಂದಿನಿಂದ ಬಂದು, ನನ್ನ ಕಿವಿಯಲ್ಲೇ ಇನ್ನೊಮ್ಮೆ ಹೇಳಿತು. ನಗು ಅಲ್ಲೇ ಸತ್ತಿತು.

ಮೇಲೆ ದೊಡ್ಡವ್ವ ಕಿರುಚಲಿಲ್ಲ, ಓಡಲಿಲ್ಲ. "ಆತ್ರಿ," ಅಂದಳು. ಮೆಲ್ಲಗೆ ಎದ್ದು ಹೋದಳು.

ಅವತ್ತಿನಿಂದ ಅವಳು ಉಣ್ಣುವುದನ್ನು ಕಡಿಮೆ ಮಾಡಿದಳು. ನಮಗೆ ರೊಟ್ಟಿ ಬಡಿದು ಹಾಕುವಳು, ತಾನು ಒಂದು ತುಣುಕು ಮುರಿದು ಕೈ ತೊಳೆಯುವಳು. ಗೆಳೆಯ ಒತ್ತಾಯ ಮಾಡಿದ್ದಕ್ಕೆ, "ನಿಮ್ಮ ದೊಡ್ಡಪ್ಪನ ಸಿಟ್ಟು ಇಳಿದಿಲ್ಲಪಾ. ಊಂಹೂಂ ಅಂದ್ರು," ಅಂದಳು.

"ಅದು ಗಡಿಗಿ, ದೊಡ್ಡವ್ವ! ಖಮೀರಿನ ಸಪ್ಪಳ!"

ಅವಳನ್ನು ಕರೆದೊಯ್ದು ಕೇಳಿಸಿದ. ಅವಳು ತಲೆ ಅಲ್ಲಾಡಿಸಿದಳು. "ಇದು ಕುದಿಯೋ ಸಪ್ಪಳ. ಅದು ಮನುಷ್ಯರ ದನಿ. ನನಗ ಕಣ್ಣು ಹೋಗ್ಯಾವ, ಕಿವಿ ಹೋಗಿಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ನೀ ಎಲ್ಲಿದ್ದೆಪಾ ಆವಾಗ?"

"ಹೊಲಕ್ಕ ಹೋಗಿದ್ದೆ, ಯವ್ವಾ," ಅಂದೆ.

ಬಾಟಲಿಗೆ ತುಂಬುವಾಗ ಒಂದು ಗಡಿಗೆ ಖಾಲಿ ಇರುವುದು ಕಂಡಿತು. ಗೆಳೆಯ ಒಡಕು ಹುಡುಕಿದ, ಸಿಗಲಿಲ್ಲ. ದೊಡ್ಡವ್ವ ಶಾಂತವಾಗಿ ಹೇಳಿದಳು, "ಅವರೇ ಕುಡಿದಿರ್ಬೇಕು. ಸೇಂದಿ ಅಂದ್ರ ಪ್ರಾಣ ಬಿಡ್ತಿದ್ರು." ನನ್ನ ಕಳ್ಳತನಕ್ಕೆ ಸತ್ತವನೇ ಹೊಣೆಯಾದ!

ಅಲ್ಲಿಂದ ಶುರುವಾದದ್ದು ನನ್ನ ಗೆಳೆಯನ ನಿಜವಾದ ಹುಚ್ಚು. ಆ ದನಿಯನ್ನು ಗಡಿಗೆಯಿಂದಲೇ ಹೊರಡಿಸಿ ದೊಡ್ಡವ್ವನನ್ನು ನಂಬಿಸಬೇಕು ಎಂದು ಹಟ ಹಿಡಿದ. ಪ್ರತಿ ಕ್ರಿಸ್‌ಮಸ್ ರಜಾ ಬಂತೆಂದರೆ ನಾವು ಖಮೀರಿನ ಡಬ್ಬಿ ಹಿಡಿದು ಬಸ್ಸು ಹತ್ತುವುದೇ. ಅಗಲ ಬಾಯಿಯ ಗಡಿಗೆ, ಕಿರಿದಾದ ಕುತ್ತಿಗೆಯ ಹೂಜಿ, ಬಾಯಿಗೆ ಸೋರೆಬುರುಡೆ ಕಟ್ಟಿದ ಕೊಡ! ಅವಳು ಕಂಬಳಿ ಹೊದ್ದು ಹಗೇವಿನ ಅಂಚಿಗೆ ಕೂತು ತೀರ್ಪು ಕೊಡುವಳು.

"ಇದು ಕಪ್ಪಿ... ಇದು ಎಮ್ಮಿ ಈಯಾಕತ್ತದ... ಇದು ನಮ್ಮ ಮಾವನ ಗೊರಕಿ!"

ನಾವು ನಗುತ್ತಿದ್ದೆವು, ಅವಳೂ ನಗುವಳು. ನಕ್ಕು ಮುಗಿಸಿ, "ಅವರಲ್ಲ," ಅನ್ನುವಳು. ಹದವಾದ ಬಿಯರನ್ನು ಅವನು ಎಮ್ಮೆ ನೀರು ಕುಡಿಯುವ ಬಾನಿಗೆ ಸುರಿದುಬಿಡುತ್ತಿದ್ದ. ಊರಿನ ಎಮ್ಮೆಗಳಲ್ಲಿ ಅದೊಂದೇ ಬಿಸಿಲಲ್ಲಿ ನಿಂತು ತೂಗಾಡುತ್ತಿದ್ದದ್ದು. ಹಗೇವಿಗೆ ಬಗ್ಗಿ ಮಾತಾಡುವ ಕುಡುಕ ಎಂದು ಅವನಿಗೆ ಹೆಸರಾಯಿತು. ಹೆಣ್ಣು ಕೊಡಲು ಬಂದವರು ಎಮ್ಮೆ ನೋಡಿ ವಾಪಸು ಹೋದರು.

"ಸಾಕು ಬಿಡಲೇ," ಅಂದೆ ಒಮ್ಮೆ.

"ಆಕಿ ಹೊಟ್ಟಿತುಂಬ ಉಣ್ಣಬೇಕಲ್ಲೋ," ಅಂದ.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ವರ್ಷ ಕಳೆದಂತೆ ಆ ಮಾತಿನ ಮೇಲೂ ಒಂದು ಚಪ್ಪಡಿ ಬಿತ್ತು, ಪ್ರತಿ ಚಳಿಗಾಲ ಅದರ ಭಾರ ಹೆಚ್ಚಾಯಿತು. ಮಾನ್ವಿಯ ಮನೆಯಲ್ಲಿ ಯಾರೂ ಇಲ್ಲದಾಗ ನಾನೂ ಗಡಿಗೆಗೆ ಬಾಯಿಟ್ಟು ಎಷ್ಟೋ ಸಲ ಅಂದು ನೋಡಿದ್ದೇನೆ. ಆ ದನಿ ಮತ್ತೆ ಬರಲೇ ಇಲ್ಲ.

ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲ, ಅವಳು ತೀರ ಸೋತಿದ್ದಳು. ಗೆಳೆಯ ನೀರು ತರಲು ಹೋದಾಗ ನಾನು ಒಂದು ನಿರ್ಧಾರ ಮಾಡಿದೆ. ಒಪ್ಪಿಕೊಳ್ಳುವ ಧೈರ್ಯವಿಲ್ಲ ಸರಿ, ಇನ್ನೊಂದು ಸುಳ್ಳಾದರೂ ಹೇಳಬಹುದಲ್ಲ? ಕಂಬಳಿ ಆಡಿಸಿ, ಕಂದೀಲು ನೋಡಿ, ಹಗೇವಿಗೆ ಇಳಿದು ಗಡಿಗೆ ಹಿಡಿದು ಕೂತೆ. ಅವಳು ಬರುತ್ತಾಳೆ, ಸಿಟ್ಟು ಇಳಿಯಿತೇ ಎಂದು ಕೇಳುತ್ತಾಳೆ. ಒಂದು 'ಹೂಂ' ಅಂದರೆ ಮುಗಿಯಿತು.

ಬಂದಳು. ಕೈ ಊರಿ ಕೂತ ಸದ್ದಾಯಿತು.

"ಇನ್ನ ಅದನ್ನ ಕೇಳಂಗಿಲ್ರಿ," ಅಂದಳು. "ಸಿಟ್ಟು ಇದ್ರ ಇರ್ಲಿ. ಗಂಡಸರು, ಇರ್ತದ. ಹುಡುಗ ನನ್ನ ಸಲುವಾಗಿ ಭಾಳ ದುಡದಾನ, ಅವಗ ಒಳ್ಳೇದು ಮಾಡ್ರಿ." ಆಮೇಲೆ ದನಿ ತಗ್ಗಿಸಿ, ಮನೆಗೆ ಬಂದವರನ್ನು ಕೇಳುವ ಹಾಗೆ ಕೇಳಿದಳು: "ನಿಮ್ಮದು ಊಟ ಆತೇನ್ರಿ?"

ಗಡಿಗೆ ನನ್ನ ಬಾಯಿಯ ಹತ್ತಿರವೇ ಇತ್ತು. ಒಂದು 'ಹೂಂ' ಅನ್ನಲು ಎಷ್ಟು ಉಸಿರು ಬೇಕು? ಅಷ್ಟೂ ನನ್ನಲ್ಲಿ ಹುಟ್ಟಲಿಲ್ಲ. ಅವಳು ಕಾದಳು. ಹಗೇವಿನ ಬಾಯಿಯ ಬೆಳಕು ಅವಳ ಬಿಳಿ ಕೂದಲನ್ನು ಹಾದು ನನ್ನ ಪಾದದ ಮೇಲೆ ಬೀಳುತ್ತಿತ್ತು. ಆಮೇಲೆ ಎದ್ದು ಹೋದಳು. ಮುಂದಿನ ಚಳಿಗಾಲಕ್ಕೆ ಅವಳಿರಲಿಲ್ಲ.

ಗೆಳೆಯ ಮತ್ತೆ ಬಿಯರು ಮಾಡಲಿಲ್ಲ. ಈಚೆಗೆ ಒಂದು ದಿನ ಅವನ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು, "ಗಡಿಗಿ ಬಾಯಿ ಎಷ್ಟು ಅಗಲ ಇತ್ತಲೇ?" ಅಂದ.

ಕೈಯಲ್ಲಿ ಅಳತೆ ತೋರಿಸಿದೆ. ಅವನು ಆ ಎರಡು ಕೈಗಳ ನಡುವಿನ ಜಾಗವನ್ನೇ ನೋಡುತ್ತ ಕೂತ. ಕಣ್ಣು ಒರೆಸಿಕೊಂಡ. "ನನಗ್ಯಾಕ ಹೇಳ್ತಿ?" ಅಂದ. "ಆಕಿಗೆ ಹೇಳು."

ಹೇಳುತ್ತಿದ್ದೇನೆ. ಅವರಿಗೆ ನಿನ್ನ ಮೇಲೆ ಸಿಟ್ಟಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಊಂಹೂಂ ಅಂದವರು ಅವರಲ್ಲ. ನಾನು, ಯವ್ವಾ. ಅಮರಮ್ಮ.